ಹಸು ಮಾರಿದ ಊರು, ಹಾಲು ಕರೆದ ಊರು

1987ರ ಡಿಸೆಂಬರ್ 1ರಂದು ದಕ್ಷಿಣ ಚೀನಾದ ಶೆನ್‌ಝೆನ್‌ನಲ್ಲಿ ಒಂದು ಜಾಗದ ಹರಾಜು ನಡೆಯಿತು. 8,588 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಎರಡು ಎಕರೆ ಐದು ಗುಂಟೆ. ಅದನ್ನು ಐವತ್ತು ವರ್ಷ ಬಳಸುವ ಹಕ್ಕು 52.5 ಲಕ್ಷ ಯುವಾನ್‌ಗೆ ಹೋಯಿತು. ಆವತ್ತಿನ ಚೀನಾದ ಸಂವಿಧಾನದಲ್ಲಿ ಹೀಗೆ ನೆಲವನ್ನು ಕೈ ಬದಲಾಯಿಸಲು ಅವಕಾಶವೇ ಇರಲಿಲ್ಲ. ತಿದ್ದುಪಡಿ ಬಂದದ್ದು ಮರುವರ್ಷ ಏಪ್ರಿಲ್‌ನಲ್ಲಿ. ಮೊದಲು ಸುತ್ತಿಗೆ ಬಿತ್ತು, ಆಮೇಲೆ ಸಂವಿಧಾನ ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು.

ಅದಕ್ಕೂ ಒಂಬತ್ತು ವರ್ಷ ಮೊದಲು, 1978ರ ಜೂನ್ 6ರಂದು, ಪೆಸಿಫಿಕ್ ಸಾಗರದ ಆಚೆ ದಡದ ಕ್ಯಾಲಿಫೋರ್ನಿಯಾದಲ್ಲಿ ಜನ ಮತಗಟ್ಟೆಗೆ ಹೋಗಿ ತಮ್ಮ ರಾಜ್ಯದ ಸಂವಿಧಾನವನ್ನು ತಾವೇ ತಿದ್ದಿದರು. ಹೊವಾರ್ಡ್ ಜಾರ್ವಿಸ್ ಎಂಬ ಗಡಸು ಬಾಯಿಯ ಮುದುಕ ಊರೂರು ಸುತ್ತಿ ಗೆಲ್ಲಿಸಿದ 'ಪ್ರಾಪೊಸಿಷನ್ 13' ಅದು. ಮನೆ ಕಂದಾಯ ಮನೆಯ ಬೆಲೆಯ ಶೇ 1ನ್ನು ಮೀರಕೂಡದು. ಬೆಲೆ ಎಂದರೆ ಕೊಂಡ ದಿನದ ಬೆಲೆ. ಅದನ್ನು ವರ್ಷಕ್ಕೆ ಶೇ 2ಕ್ಕಿಂತ ಹೆಚ್ಚು ಏರಿಸಕೂಡದು. ಸುಮಾರು ಶೇ 65ರಷ್ಟು ಮತದಾರರು ಹೌದೆಂದರು.

ಚೀನಾ–ಅಮೆರಿಕದ ಪೈಪೋಟಿಯ ಮಾತೆದ್ದಾಗ ನಮ್ಮ ಹೋಟೆಲು ಮೇಜುಗಳಲ್ಲಿ ಈ ಎರಡು ದಿನಾಂಕಗಳನ್ನು ಯಾರೂ ನೆನೆಯುವುದಿಲ್ಲ. ಅಲ್ಲಿ ನಡೆಯುವ ಜಗಳದ ಧಾಟಿ ಬೇರೆ. ಬೀಜಿಂಗ್‌ನಿಂದ ಶಾಂಘೈಗೆ 1,318 ಕಿಲೋಮೀಟರ್ ಬುಲೆಟ್ ರೈಲನ್ನು ಮೂರು ವರ್ಷ ಚಿಲ್ಲರೆಯಲ್ಲಿ ಹಾಕಿ ಮುಗಿಸಿದರು, ನಮಗೂ ಅಂಥ ಗಟ್ಟಿ ಆಳು ಬೇಕು ಎಂದು ಒಬ್ಬರು. ಬಾಯಿ ಬಿಡುವ ಹಕ್ಕೇ ಇಲ್ಲದ ಮೇಲೆ ರೈಲು ಕಟ್ಟಿಕೊಂಡು ಏನು ಮಾಡುವುದು ಎಂದು ಇನ್ನೊಬ್ಬರು. ಕಾಫಿ ಆರುವ ತನಕ ಇದು ನಡೆಯುತ್ತದೆ.

ಇಬ್ಬರ ಮಾತಿನಲ್ಲೂ ನಿಜವಿದೆ, ಆದರೆ ಎರಡೂ ನನಗೆ ಸಾಲುವುದಿಲ್ಲ. ಬೀಜಿಂಗ್ ಮತ್ತು ವಾಷಿಂಗ್ಟನ್‌ಗಳ ಅರಮನೆಗಳನ್ನೇ ನೋಡುತ್ತ ಕೂತರೆ ಕೆಳಗಿನ ತಾಲ್ಲೂಕು ಕಚೇರಿ ಕಾಣುವುದಿಲ್ಲ. ಶಾಲೆ, ಚರಂಡಿ, ಬೀದಿ, ಬಡಾವಣೆ ಇವೆಲ್ಲ ಎರಡೂ ದೇಶಗಳಲ್ಲಿ ಊರಿನ ಆಡಳಿತದ ತಲೆಬಿಸಿ. ಆ ಊರಿನ ಪೆಟ್ಟಿಗೆಗೆ ಕಾಸು ಬೀಳುವುದು ಎಲ್ಲಿಂದ ಎಂದು ಕೇಳಿದರೆ ಎರಡೂ ಕಡೆ ಉತ್ತರ ಒಂದೇ: ನೆಲದಿಂದ. ಚೀನಾದ ಊರುಗಳು ನೆಲವನ್ನು ಮಾರಿ ಬದುಕಿದವು. ಅಮೆರಿಕದ ಊರುಗಳು ನೆಲದ ಮೇಲೆ ವರ್ಷವರ್ಷ ಕಂದಾಯ ಎತ್ತಿ ಬದುಕಿದವು. ಒಬ್ಬರು ಹಸುವನ್ನೇ ಮಾರಿದರು, ಇನ್ನೊಬ್ಬರು ಹಾಲು ಕರೆದರು. ಎರಡು ದೇಶಗಳೂ ಬೆಳೆದ ರೀತಿ, ಅವಕ್ಕೆ ಅಂಟಿದ ರೋಗ, ಆ ರೋಗಕ್ಕೆ ಬಲಿಯಾದವರು ಯಾರು ಎಂಬುದು, ಇದರಲ್ಲಿ ಬಹುಪಾಲು ಇಲ್ಲಿಂದಲೇ ಹುಟ್ಟಿತೆಂದು ನನಗೆ ತೋರುತ್ತದೆ.

ಚೀನಾದ ಕತೆ ನಿಜವಾಗಿ ತಿರುಗುವುದು 1994ರಲ್ಲಿ. ಅದಕ್ಕೆ ಮೊದಲು ತೆರಿಗೆ ಎತ್ತುತ್ತಿದ್ದವು ಪ್ರಾಂತ್ಯಗಳು. ಕೇಂದ್ರಕ್ಕೆ ಇಷ್ಟು ಎಂದು ಮಾತಾಡಿಕೊಂಡು ಮಿಕ್ಕದ್ದನ್ನು ತಾವೇ ಇಟ್ಟುಕೊಳ್ಳುತ್ತಿದ್ದವು. 1993ರಲ್ಲಿ ದೇಶದ ಬಜೆಟ್ ಆದಾಯದಲ್ಲಿ ಕೇಂದ್ರದ ಪಾಲು ಶೇ 22ಕ್ಕೆ ಕುಸಿದಿತ್ತು. ಆಗ ಉಪಪ್ರಧಾನಿಯಾಗಿದ್ದ ಝು ರೋಂಗ್‌ಜಿ ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಅಲೆದು, ಗದರಿ, ಚೌಕಾಸಿ ಮಾಡಿ ಹೊಸ ಹಂಚಿಕೆಗೆ ಎಲ್ಲರನ್ನೂ ಒಪ್ಪಿಸಿದರು. ಸರ್ವಾಧಿಕಾರದಲ್ಲಿ ಮೇಲಿನವರು ಹೇಳಿದರೆ ಸಾಕು ಎಂದುಕೊಂಡವರು ಆ ಪ್ರವಾಸವನ್ನು ನೆನೆಯಬೇಕು. ಮೌಲ್ಯವರ್ಧಿತ ತೆರಿಗೆಯಲ್ಲಿ ಶೇ 75 ಕೇಂದ್ರಕ್ಕೆ, 25 ಪ್ರಾಂತ್ಯಕ್ಕೆ ಎಂದಾಯಿತು. ಒಂದೇ ವರ್ಷದಲ್ಲಿ ಕೇಂದ್ರದ ಪಾಲು ಶೇ 55 ದಾಟಿತು. ಖರ್ಚಿನ ಹೊಣೆ ಮಾತ್ರ ಕೆಳಗೇ ಉಳಿಯಿತು. ಈಚಿನ ವರ್ಷಗಳ ಲೆಕ್ಕದಲ್ಲೂ ಸರ್ಕಾರಿ ವೆಚ್ಚದ ಸುಮಾರು ಶೇ 85 ಪ್ರಾಂತ್ಯ, ನಗರ, ಕೌಂಟಿಗಳದ್ದೇ. ಕೇಂದ್ರ ಅನುದಾನವೆಂದು ಒಂದಷ್ಟು ವಾಪಸು ಕೊಡುತ್ತದೆ. ಕೊಡುವ ಕೈ ಯಾವಾಗಲೂ ಮೇಲೆ. ಅದೇ 1994ರ ಬಜೆಟ್ ಕಾಯ್ದೆ ಸ್ಥಳೀಯ ಸರ್ಕಾರಗಳು ಸಾಲಪತ್ರ ಹೊರಡಿಸುವುದನ್ನೂ ನಿಲ್ಲಿಸಿತು.

ಒಂದು ಬಾಬತ್ತನ್ನು ಬೀಜಿಂಗ್ ಊರುಗಳ ಕೈಯಲ್ಲೇ ಬಿಟ್ಟಿತು: ಜಾಗದ ಬಳಕೆ ಹಕ್ಕು ಮಾರಿ ಬರುವ ದುಡ್ಡು. ಆವತ್ತಿಗೆ ಅದು ಪುಡಿಗಾಸು.

ಪುಡಿಗಾಸು ಹೊಳೆಯಾದದ್ದು ಹೇಗೆಂಬುದು ಸ್ವಾರಸ್ಯಕರ. 1998ರಲ್ಲಿ ಚೀನಾ ಸರ್ಕಾರ ನೌಕರರಿಗೆ ಸಂಸ್ಥೆಗಳೇ ಮನೆ ಹಂಚುವ ಪದ್ಧತಿಯನ್ನು ಕೈಬಿಟ್ಟಿತು. ಇನ್ನು ಮೇಲೆ ಮನೆ ಬೇಕಾದವರು ಕೊಳ್ಳಬೇಕು. ಅದೇ ವರ್ಷ ತಿದ್ದಿದ ಭೂಕಾಯ್ದೆ ಹಳ್ಳಿಯ ಸಮುದಾಯದ ನೆಲವನ್ನು ನಗರಕ್ಕೆ ಪರಿವರ್ತಿಸುವ ಅಧಿಕಾರವನ್ನು ಸರ್ಕಾರಕ್ಕೆ ಮಾತ್ರ ಉಳಿಸಿತು. ಪರಿಹಾರ ಲೆಕ್ಕ ಹಾಕುತ್ತಿದ್ದದ್ದು ಫಸಲಿನ ಮೇಲೆ. ಎಲ್ಲ ಸೇರಿ ಒಂದು ವರ್ಷದ ಸರಾಸರಿ ಉತ್ಪನ್ನದ ಮೂವತ್ತು ಪಟ್ಟು ಮೀರುವಂತಿರಲಿಲ್ಲ. ಈ ಸೂತ್ರ ಹೋದದ್ದು 2020ರಲ್ಲಿ. ಅಲ್ಲಿಯ ತನಕ ಅಧಿಕಾರಿ ಒಂದು ಕೈಯಲ್ಲಿ ಭತ್ತದ ಲೆಕ್ಕದಲ್ಲಿ ಗದ್ದೆ ಕೊಂಡು, ಇನ್ನೊಂದು ಕೈಯಲ್ಲಿ ಅದನ್ನೇ ಅಪಾರ್ಟ್‌ಮೆಂಟಿನ ಲೆಕ್ಕದಲ್ಲಿ ಎಪ್ಪತ್ತು ವರ್ಷಕ್ಕೆ ಹರಾಜು ಹಾಕಬಹುದಿತ್ತು. ನಡುವಿನ ಅಂತರವೇ ಊರಿನ ಆದಾಯ. ಮೆಟ್ರೋ, ಮೇಲ್ಸೇತುವೆ, ಆರು ಪಥದ ರಸ್ತೆ, ಹೊಸ ವಿಶ್ವವಿದ್ಯಾಲಯದ ಕ್ಯಾಂಪಸ್ಸುಗಳ ಬುನಾದಿಯಲ್ಲಿರುವುದು ಆ ಅಂತರ.

ಕೈಗಾರಿಕೆಗೆ ಕೊಡುವ ಜಾಗದ ದರ ಬೇರೆ. 2018ರ ಅಕ್ಟೋಬರ್‌ನಲ್ಲಿ ಟೆಸ್ಲಾ ಕಂಪನಿ ಶಾಂಘೈ ಅಂಚಿನಲ್ಲಿ 86 ಹೆಕ್ಟೇರ್ ನೆಲವನ್ನು 97.3 ಕೋಟಿ ಯುವಾನ್‌ಗೆ ಐವತ್ತು ವರ್ಷಕ್ಕೆ ಪಡೆಯಿತು. ಚದರ ಮೀಟರ್‌ಗೆ ಸುಮಾರು 1,125 ಯುವಾನ್ ಬಿತ್ತು. ಅದೇ ನಗರದಲ್ಲಿ ಫ್ಲ್ಯಾಟ್ ಕೊಳ್ಳುವವರು ಚದರ ಮೀಟರ್‌ಗೆ ಹತ್ತಾರು ಸಾವಿರ ಯುವಾನ್ ತೆರುತ್ತಿದ್ದರು. 2019ರ ಜನವರಿಯಲ್ಲಿ ಅಡಿಗಲ್ಲು, ಡಿಸೆಂಬರ್‌ನಲ್ಲಿ ಕಾರು. ಈ ವೇಗವನ್ನು ಎಲ್ಲರೂ ಹೊಗಳಿದರು. ಜಾಗದ ದರವನ್ನು ಗಮನಿಸಿದವರು ಕಡಿಮೆ. ಕಾರ್ಖಾನೆ ಬಂದರೆ ಪ್ರತಿವರ್ಷ ತೆರಿಗೆಯ ಪಾಲು ಬರುತ್ತದೆ, ಕೆಲಸದವರು ಬರುತ್ತಾರೆ, ಅವರು ಫ್ಲ್ಯಾಟ್ ಕೊಳ್ಳುತ್ತಾರೆ, ಪಕ್ಕದ ಜಾಗದ ಹರಾಜು ಬೆಲೆ ಏರುತ್ತದೆ. ಆದ್ದರಿಂದ ಕಾರ್ಖಾನೆಗೆ ಅಗ್ಗ, ಸಂಸಾರಕ್ಕೆ ದುಬಾರಿ. ಚೀನಾದ ಸರಕು ಜಗತ್ತಿನ ಅಂಗಡಿಗಳಲ್ಲಿ ಅಗ್ಗವಾಗಿದ್ದಕ್ಕೆ ಕೂಲಿ ಕಡಿಮೆ, ಶಿಸ್ತು ಹೆಚ್ಚು ಎಂಬ ಕಾರಣಗಳನ್ನು ನಾವು ಬಾಯಿಪಾಠ ಮಾಡಿದ್ದೇವೆ. ಮೂವತ್ತು ಬೆಳೆಯ ಬೆಲೆಗೆ ಗದ್ದೆ ಬಿಟ್ಟುಕೊಟ್ಟ ರೈತ ಮತ್ತು ಅಪ್ಪ, ಅಮ್ಮ, ಅಜ್ಜಿಯ ಉಳಿತಾಯವನ್ನೆಲ್ಲ ಬಳಿದು ಫ್ಲ್ಯಾಟಿಗೆ ಮುಂಗಡ ಕಟ್ಟಿದ ದಂಪತಿಯ ವಂತಿಗೆಯೂ ಆ ಸರಕಿನೊಳಗೆ ಇತ್ತು.

ಎಲ್ಲ ರೈತರೂ ಸೋತರೆಂದಲ್ಲ. ಶೆನ್‌ಝೆನ್‌ನ ಹೊಟ್ಟೆಯೊಳಗೆ ಸಿಕ್ಕ ಹಳ್ಳಿಗಳ ಮೂಲನಿವಾಸಿಗಳು ತಮ್ಮ ಮನೆಯ ಜಾಗದಲ್ಲೇ ಆರೇಳು ಅಂತಸ್ತು ಎಬ್ಬಿಸಿ ವಲಸೆ ಕಾರ್ಮಿಕರಿಗೆ ಬಾಡಿಗೆ ಕೊಟ್ಟು ಶ್ರೀಮಂತರಾದರು. ಆದರೆ 2011ರಲ್ಲಿ ಗುವಾಂಗ್‌ಡಾಂಗ್ ಪ್ರಾಂತ್ಯದ ವುಕಾನ್ ಎಂಬ ಹಳ್ಳಿಯ ಜನ ತಮ್ಮ ಸಮುದಾಯದ ನೆಲವನ್ನು ಮಾರಿದ ಮುಖಂಡರನ್ನು ಊರಿಂದಲೇ ಓಡಿಸಿದ್ದು ಇದೇ ಸಿಟ್ಟಿಗೆ. ಮರುವರ್ಷ ಅವರಿಗೆ ಚುನಾವಣೆ ಸಿಕ್ಕಿತು. ನಾಲ್ಕು ವರ್ಷದ ನಂತರ, ಹಾಗೆ ಆರಿಸಿ ಬಂದ ಮುಖಂಡನೇ ಜೈಲಿಗೆ ಹೋದ. ನೆಲ ಮಾತ್ರ ಹಿಂದಿರುಗಲಿಲ್ಲ ಎಂಬುದು ಹಳ್ಳಿಯವರ ಕೊರಗಾಗಿ ಉಳಿಯಿತು.

ಹಸು ಮಾರಿದ ದುಡ್ಡು ಒಮ್ಮೆ ಮಾತ್ರ ಬರುತ್ತದೆ. ಮುಂದಿನ ವರ್ಷಕ್ಕೆ ಇನ್ನೊಂದು ಹಸು ಬೇಕು. ಕೆಲವೇ ವರ್ಷಕ್ಕೆ ಬೇರೆ ಊರಿಗೆ ವರ್ಗವಾಗಿ ಹೋಗುವ, ಬಡ್ತಿಗಾಗಿ ಬೆಳವಣಿಗೆಯ ಅಂಕಿ ತೋರಿಸಬೇಕಾದ ಪಕ್ಷದ ಕಾರ್ಯದರ್ಶಿಗೆ ಕೊಟ್ಟಿಗೆ ಖಾಲಿಯಾಗುವ ಚಿಂತೆ ಏಕೆ? ಸಾಲಪತ್ರ ಹೊರಡಿಸಬಾರದು ಎಂದರೆ ಏನಾಯಿತು, ನಗರ ಹೂಡಿಕೆ ಕಂಪನಿ ಎಂದು ಒಂದನ್ನು ಹುಟ್ಟುಹಾಕಿ, ಅದಕ್ಕೆ ಜಾಗ ಬರೆದುಕೊಟ್ಟು, ಆ ಜಾಗವನ್ನು ಅಡವಿಟ್ಟು ಸಾಲ ತರುವುದು. 2008ರ ಜಾಗತಿಕ ಕುಸಿತದ ಹೊತ್ತಿಗೆ ಬೀಜಿಂಗ್ 4 ಲಕ್ಷ ಕೋಟಿ ಯುವಾನ್ ಉತ್ತೇಜನ ಘೋಷಿಸಿದಾಗ ಅದರ ದೊಡ್ಡ ಭಾರ ಹೊತ್ತದ್ದು ಈ ಕಂಪನಿಗಳೇ. ಬಡ ಪ್ರಾಂತ್ಯ ಗುಯ್‌ಝೌನ ದುಶಾನ್ ಕೌಂಟಿ ನೂರು ಮೀಟರ್ ಎತ್ತರದ, ಅರಮನೆಯಂಥ ಕಟ್ಟಡವೊಂದನ್ನು ಎಬ್ಬಿಸಿ ಅರ್ಧಕ್ಕೆ ಬಿಟ್ಟಿತು. ಕೌಂಟಿಯ ವಾರ್ಷಿಕ ಆದಾಯ 100 ಕೋಟಿ ಯುವಾನ್‌ಗೂ ಕಡಿಮೆ. ಮಾಡಿದ್ದ ಸಾಲ 4,000 ಕೋಟಿ. 'ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು' ಎಂಬ ಗಾದೆ ಇಲ್ಲಿ ಹೊಂದುವುದಿಲ್ಲ, ಇವರು ಕೂತಿರಲಿಲ್ಲ, ಹಗಲಿರುಳು ಕಟ್ಟುತ್ತಿದ್ದರು.

2020ರ ಆಗಸ್ಟ್‌ನಲ್ಲಿ ಬೀಜಿಂಗ್ ಬಿಲ್ಡರ್‌ಗಳ ಸಾಲಕ್ಕೆ 'ಮೂರು ಕೆಂಪು ಗೆರೆ' ಎಳೆಯಿತು. ಮರುವರ್ಷದ ಕೊನೆಗೆ ದೈತ್ಯ ಬಿಲ್ಡರ್ ಕಂಪನಿ ಎವರ್‌ಗ್ರಾಂಡ್ ಸಾಲ ಕಟ್ಟಲಾಗದೆ ಕೈಚೆಲ್ಲಿತು. 30,000 ಕೋಟಿ ಡಾಲರ್ ಮೀರಿದ ಹೊಣೆಗಾರಿಕೆ ಅದರ ತಲೆ ಮೇಲಿತ್ತು. 2022ರ ಬೇಸಿಗೆಯಲ್ಲಿ ಪಿಂಗಾಣಿಗೆ ಹೆಸರಾದ ಜಿಂಗ್‌ಡೆಝೆನ್‌ನಿಂದ ಶುರುವಾಗಿ ಹತ್ತಾರು ನಗರಗಳಲ್ಲಿ, ಕಟ್ಟಡ ಮುಗಿಸದ ಹೊರತು ಕಂತು ಕಟ್ಟುವುದಿಲ್ಲ ಎಂದು ಸಾಲ ಮಾಡಿ ಫ್ಲ್ಯಾಟ್ ಕಾದಿರಿಸಿದ್ದ ಜನ ಪತ್ರ ಬರೆದರು. ಸಂಘ ಕಟ್ಟಲಾಗದ ದೇಶದಲ್ಲಿ ಸಿಟ್ಟು ಬ್ಯಾಂಕ್ ಕಂತಿನ ರೂಪ ತಾಳಿತು. 2021ರಲ್ಲಿ 8.7 ಲಕ್ಷ ಕೋಟಿ ಯುವಾನ್ ಇದ್ದ ಜಾಗದ ಹರಾಜಿನ ಆದಾಯ 2024ರಲ್ಲಿ 4.9 ಲಕ್ಷ ಕೋಟಿಯ ಆಸುಪಾಸಿಗೆ ಇಳಿಯಿತು.

ಈಗ ಹಾಲು ಕರೆದವರ ಕಡೆ ತಿರುಗೋಣ. ಅಮೆರಿಕದ ಊರುಗಳು ಎತ್ತುವ ತೆರಿಗೆಯಲ್ಲಿ ಹತ್ತಕ್ಕೆ ಏಳು ಪಾಲು ಆಸ್ತಿ ಕಂದಾಯ. ಅದರ ದೊಡ್ಡ ಪಾಲು ಶಾಲೆಗೆ ಹೋಗುತ್ತದೆ. ಮನೆಯ ಬೆಲೆ ಏರಿದರೆ ಶಾಲೆ ಒಳ್ಳೆಯದಾಗುತ್ತದೆ, ಶಾಲೆ ಒಳ್ಳೆಯದಾದರೆ ಮನೆಯ ಬೆಲೆ ಏರುತ್ತದೆ. ಕೇಳಲು ಚೆಂದ. ಈ ಚಕ್ರದ ಹೊರಗೆ ಬಿದ್ದವರ ಪಾಡನ್ನು ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದ ಒಂದು ಮೊಕದ್ದಮೆ ತೋರಿಸುತ್ತದೆ. 1967–68ರಲ್ಲಿ ಅಲ್ಲಿನ ಬಡ ಎಡ್ಜ್‌ವುಡ್ ಶಾಲಾ ವಲಯದವರಿಗೆ ಹೆಚ್ಚಿನ ದರದಲ್ಲಿ ಕಂದಾಯ ಕಟ್ಟಿಯೂ ಒಂದು ಮಗುವಿಗೆ 26 ಡಾಲರ್ ಮಾತ್ರ ಒಟ್ಟುಮಾಡಲು ಸಾಧ್ಯವಾಯಿತು; ಶ್ರೀಮಂತ ಅಲಾಮೊ ಹೈಟ್ಸ್‌ನವರಿಗೆ ಕಡಿಮೆ ದರದಲ್ಲೇ 333 ಡಾಲರ್. 1973ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5–4ರ ಬಹುಮತದಲ್ಲಿ, ಇದು ಒಕ್ಕೂಟದ ಸಂವಿಧಾನಕ್ಕೆ ವಿರುದ್ಧವಲ್ಲ ಎಂದಿತು.

ಕಂದಾಯ ಕಟ್ಟುವವನಿಗೆ ಮತವಿದೆ. ಆತ ಸಭೆಗೆ ಬರುತ್ತಾನೆ. ಪಕ್ಕದಲ್ಲಿ ನಾಲ್ಕಂತಸ್ತಿನ ಅಪಾರ್ಟ್‌ಮೆಂಟ್ ಎದ್ದರೆ ತನ್ನ ಮನೆಯ ಬೆಲೆ ಬಿದ್ದೀತು ಎಂದು ಕೈ ಎತ್ತುತ್ತಾನೆ. ಕ್ಲೀವ್‌ಲ್ಯಾಂಡ್ ಬಳಿಯ ಯೂಕ್ಲಿಡ್ ಎಂಬ ಊರಿನ ಪ್ರಕರಣದಲ್ಲಿ 1926ರಲ್ಲೇ ಸುಪ್ರೀಂ ಕೋರ್ಟ್ ವಲಯ ನಿಯಮಗಳಿಗೆ ಒಪ್ಪಿಗೆ ಕೊಟ್ಟು, ಮನೆಗಳ ನಡುವೆ ಏಳುವ ಅಪಾರ್ಟ್‌ಮೆಂಟನ್ನು ಪರಾವಲಂಬಿಗೆ ಹೋಲಿಸಿತ್ತು. ವಿಲಿಯಂ ಫಿಶೆಲ್ ಎಂಬ ಅರ್ಥಶಾಸ್ತ್ರಜ್ಞ ಇಂಥ ನಾಗರಿಕನಿಗೆ 'ಹೋಮ್‌ವೋಟರ್' ಎಂದು ಹೆಸರಿಟ್ಟರು. ಮನೆಯೇ ಮತ ಹಾಕುತ್ತದೆ ಎಂದರೂ ನಡೆದೀತು. ಆ ಊರಿಗೆ ಇನ್ನೂ ಬರದ, ಬಂದು ದುಡಿಯಬೇಕಾದ, ಬಾಡಿಗೆ ಮನೆ ಸಿಗದೆ ಎರಡು ಗಂಟೆ ದೂರದಿಂದ ಕಾರು ಓಡಿಸಿಕೊಂಡು ಬರುವ ದಾದಿಗೆ ಅಲ್ಲಿ ಮತವಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಇದು ಇನ್ನೊಂದು ಸುತ್ತು ಸುತ್ತಿಕೊಂಡಿತು. ಪ್ರಾಪೊಸಿಷನ್ 13 ಹಾಲಿಗೆ ಮಿತಿ ಹಾಕಿದ ಮೇಲೆ ಊರುಗಳು ಮಾರಾಟ ತೆರಿಗೆಯ ಪಾಲಿಗೆ ಬಾಯಿಬಿಟ್ಟವು. ಮನೆ ಕಟ್ಟಲು ಅನುಮತಿ ಕೊಟ್ಟರೆ ಮಕ್ಕಳು, ಚರಂಡಿ, ಖರ್ಚು. ಕಾರ್ ಶೋರೂಮಿಗೆ ಕೊಟ್ಟರೆ ವರಮಾನ. ಊರಿನ ಲೆಕ್ಕಿಗ ಎರಡನೆಯದನ್ನೇ ಆರಿಸುತ್ತಾನೆ. ಚಿಪ್, ಸಾಫ್ಟ್‌ವೇರು ಎಂದು ಜಗತ್ತನ್ನು ಆಳಿದ ಸಿಲಿಕಾನ್ ಕಣಿವೆಯಲ್ಲಿ ಬೇಕಾದಷ್ಟು ಮನೆ ಹುಟ್ಟಲಿಲ್ಲ. ನಮ್ಮ ಕನ್ನಡದ ಹುಡುಗರು ಕ್ಯೂಪರ್ಟಿನೊ, ಸನ್ನಿವೇಲ್‌ಗಳಲ್ಲಿ ಮನೆ ಹುಡುಕುವಾಗ ಅಡುಗೆಮನೆಗಿಂತ ಮೊದಲು ವಿಚಾರಿಸುವುದು ಯಾವ ಶಾಲಾ ವಲಯ ಎಂದು. ಇಪ್ಪತ್ತು ಲಕ್ಷ ಡಾಲರ್ ಕೊಟ್ಟು ಒಳಹೊಕ್ಕ ಮೇಲೆ ಗೊತ್ತಾಗುತ್ತದೆ, ಐವತ್ತು ವರ್ಷ ಹಿಂದೆ ಮನೆ ಕೊಂಡ ಪಕ್ಕದ ಮನೆಯ ಅಜ್ಜಿ ಅದೇ ಅಳತೆಯ ಮನೆಗೆ ಕಟ್ಟುವ ಕಂದಾಯ ತಮ್ಮದರ ಹತ್ತರಲ್ಲೊಂದು ಪಾಲೂ ಇಲ್ಲ ಎಂದು. ಒಂದೆರಡು ವರ್ಷ ಗೊಣಗಿ, ಆಮೇಲೆ ಅವರೂ ಹೊಸ ಅಪಾರ್ಟ್‌ಮೆಂಟ್ ಬೇಡ ಎಂಬ ಅರ್ಜಿಗೆ ಸಹಿ ಹಾಕುತ್ತಾರೆ. ಬೈಯಲು ಮನಸ್ಸು ಬರುವುದಿಲ್ಲ. ಅವರ ಜೀವಮಾನದ ಉಳಿತಾಯ ಆ ಗೋಡೆಯೊಳಗಿದೆ.

ಬುಲೆಟ್ ರೈಲಿನ ಹೋಲಿಕೆಯನ್ನೂ ಇಲ್ಲಿಟ್ಟು ನೋಡಬೇಕು. ಬೀಜಿಂಗ್–ಶಾಂಘೈ ಮಾರ್ಗದ ಕೆಲಸ ಶುರುವಾದ 2008ರಲ್ಲೇ ಕ್ಯಾಲಿಫೋರ್ನಿಯಾದ ಮತದಾರರು ಸ್ಯಾನ್ ಫ್ರಾನ್ಸಿಸ್ಕೊ–ಲಾಸ್ ಏಂಜಲಿಸ್ ರೈಲಿಗೆ 995 ಕೋಟಿ ಡಾಲರ್ ಸಾಲಪತ್ರ ಒಪ್ಪಿದರು. ಅತ್ತ 2011ರಲ್ಲಿ ರೈಲು ಓಡಿತು. ಇತ್ತ ಅಂದಾಜು ವೆಚ್ಚ 10,000 ಕೋಟಿ ಡಾಲರ್ ದಾಟಿದೆ, ರೈಲು ಓಡಿಲ್ಲ. ಜಾಗ ಬಿಡಿಸಿಕೊಳ್ಳುವುದು, ಪರಿಸರ ವರದಿ, ದಾವೆ, ಒಂದೊಂದು ಊರಿನ ಒಂದೊಂದು ಬೇಡಿಕೆ. ಆದರೆ ವೇಗ ಬೇಕೆಂದು ಹಂಬಲಿಸುವವರು ಒಂದನ್ನು ಮರೆಯುತ್ತಾರೆ: ಮೂವತ್ತು ಬೆಳೆಯ ಸೂತ್ರವನ್ನು ಕ್ಯಾಲಿಫೋರ್ನಿಯಾದ ಬಾದಾಮಿ ತೋಟದವನ ಮುಂದೆ ಇಟ್ಟರೆ ಆತ ಕೋರ್ಟಿಗೆ ಹೋಗುತ್ತಾನೆ, ಗೆಲ್ಲುತ್ತಾನೆ. ಆ ಗೆಲುವಿನ ಬೆಲೆಯನ್ನೂ ರೈಲಿನ ಲೆಕ್ಕಕ್ಕೆ ಸೇರಿಸಲಾಗಿದೆ.

ನೆಲದ ಬೆಲೆ ಯಾರಿಗೆ ಸೇರಬೇಕು ಎಂಬ ಒಗಟನ್ನು ಬಿಡಿಸಲು ಹೊರಟ ಮನುಷ್ಯನೊಬ್ಬ ಎರಡೂ ದೇಶಗಳಿಗೆ ಸೇರಿದವನು ಎಂಬುದು ಚರಿತ್ರೆಯ ತಮಾಷೆ. ಹೆನ್ರಿ ಜಾರ್ಜ್ ಸ್ಯಾನ್ ಫ್ರಾನ್ಸಿಸ್ಕೊದ ಬಡ ಪತ್ರಕರ್ತ. 1870ರ ಸುಮಾರಿಗೆ ಓಕ್‌ಲ್ಯಾಂಡಿನ ಗುಡ್ಡದ ಮೇಲೆ ಕುದುರೆ ಸವಾರಿ ಹೋದಾಗ, ಎದುರಾದ ಗಾಡಿಯವನನ್ನು ಇಲ್ಲಿ ಜಾಗಕ್ಕೆ ಏನು ಬೆಲೆ ಎಂದು ಸುಮ್ಮನೆ ಕೇಳಿದ. ದೂರದಲ್ಲಿ ದನ ಮೇಯುತ್ತಿದ್ದ ಬಯಲು ತೋರಿಸಿ, ಅಲ್ಲೊಬ್ಬ ಎಕರೆಗೆ ಸಾವಿರ ಡಾಲರ್‌ಗೆ ಕೊಡುತ್ತಾನಂತೆ ಎಂದ ಗಾಡಿಯವ. ಜಾರ್ಜ್‌ಗೆ ಅಲ್ಲೇ ಹೊಳೆಯಿತು: ಊರು ಬೆಳೆದಂತೆ ನೆಲದ ಬೆಲೆ ಏರುತ್ತದೆ, ಅದನ್ನು ಏರಿಸಿದ್ದು ಊರು, ಉಣ್ಣುವವನು ಒಡೆಯ. ಕಟ್ಟಡಕ್ಕೆ ಬೇಡ, ದುಡಿಮೆಗೆ ಬೇಡ, ಬರಿಯ ನೆಲದ ಬೆಲೆಯ ಮೇಲೆ ತೆರಿಗೆ ಹಾಕಿ ಎಂದು 1879ರಲ್ಲಿ ದೊಡ್ಡ ಗ್ರಂಥ ಬರೆದ. ಅದನ್ನು ಮನಸ್ಸಿಗೆ ಹಚ್ಚಿಕೊಂಡವರಲ್ಲಿ ಚೀನಾ ಗಣರಾಜ್ಯದ ಪಿತಾಮಹ ಸನ್ ಯಾತ್-ಸೆನ್ ಒಬ್ಬರು. 1905ರಲ್ಲಿ ಅವರು ಕಟ್ಟಿದ ಕ್ರಾಂತಿಕಾರಿ ಸಂಘದ ಗುರಿಗಳಲ್ಲಿ ಭೂಹಕ್ಕಿನ ಸಮಾನತೆಯೂ ಇತ್ತು. ಇಂದು ಜಾರ್ಜ್‌ನ ರಾಜ್ಯ ಕ್ಯಾಲಿಫೋರ್ನಿಯಾ ಏರಿದ ಬೆಲೆಯನ್ನು ಮುಟ್ಟುವಂತಿಲ್ಲ. ಸನ್ ಹುಟ್ಟಿದ ಗುವಾಂಗ್‌ಡಾಂಗ್‌ನ ಊರುಗಳು ಏರಿದ ಬೆಲೆಯನ್ನು ಒಂದೇ ಗುಕ್ಕಿಗೆ ನುಂಗಿ ಮುಗಿಸಿವೆ.

ನನ್ನ ವಾದಕ್ಕೆ ಎದುರಾಗಿ ಎರಡು ಊರುಗಳನ್ನು ನಾನೇ ನಿಲ್ಲಿಸಬೇಕು. ಟೆಕ್ಸಾಸ್‌ನ ಹ್ಯೂಸ್ಟನ್‌ನಲ್ಲಿ ಆಸ್ತಿ ಕಂದಾಯ ಜೋರು, ಆದರೂ ಮನೆಗಳು ಧಾರಾಳವಾಗಿ ಏಳುತ್ತವೆ, ಏಕೆಂದರೆ ಅಲ್ಲಿ ಬೇರೆ ನಗರಗಳಂಥ ವಲಯ ನಿಯಮವಿಲ್ಲ. ಚೀನಾದ ಚೋಂಗ್‌ಚಿಂಗ್ ಜಾಗವನ್ನು ಹೆಚ್ಚುಹೆಚ್ಚಾಗಿ ಮಾರುಕಟ್ಟೆಗೆ ಬಿಟ್ಟು ಮನೆ ಬೆಲೆಯನ್ನು ಬಹುಕಾಲ ಹಿಡಿದಿಟ್ಟಿತು. ಖಜಾನೆಯ ಮೂಲ ಒಂದೇ ಎಲ್ಲವನ್ನೂ ತೀರ್ಮಾನಿಸುವುದಿಲ್ಲ ಎಂದಾಯಿತು. ಆದರೂ ಇವೆರಡು ಅಪವಾದಗಳಾಗಿಯೇ ಉಳಿದಿವೆ. ಮಿಕ್ಕ ಊರುಗಳು ಅವನ್ನು ನೋಡಿ ಕಲಿಯಲಿಲ್ಲ. ಕಲಿಯಲು ಯಾವ ಊರಿಗೂ ಲಾಭವಿರಲಿಲ್ಲ.

ಆಳ್ವಿಕೆಯ ಬಗೆ ನಿಜಕ್ಕೂ ಮುಖ್ಯವಾಗುವುದು ದಾರಿ ಬದಲಿಸಬೇಕಾದಾಗ. ಡೆಟ್ರಾಯ್ಟ್ 2013ರ ಜುಲೈನಲ್ಲಿ ಸುಮಾರು 1,800 ಕೋಟಿ ಡಾಲರ್ ಸಾಲದೊಂದಿಗೆ ಕೋರ್ಟಿಗೆ ಹೋಗಿ ತಾನು ದಿವಾಳಿ ಎಂದಿತು. ಅವಮಾನ ಬಹಿರಂಗವಾಯಿತು, ನಿವೃತ್ತ ನೌಕರರ ಪಿಂಚಣಿಗೆ ಕತ್ತರಿ ಬಿತ್ತು, ಲೆಕ್ಕ ಮುಗಿಯಿತು. ಚೀನಾದ ಊರಿಗೆ ದಿವಾಳಿಯಾಗುವ ಸ್ವಾತಂತ್ರ್ಯವಿಲ್ಲ. 2024ರ ನವೆಂಬರ್‌ನಲ್ಲಿ ಬೀಜಿಂಗ್ 10 ಲಕ್ಷ ಕೋಟಿ ಯುವಾನ್‌ನ ಯೋಜನೆ ತಂದು ಊರುಗಳ ಗುಪ್ತ ಸಾಲವನ್ನು ಬಹಿರಂಗ ಸಾಲವಾಗಿ ಬದಲಿಸಿಕೊಳ್ಳಲು ಬಿಟ್ಟಿತು. ಸಾಲ ಕರಗಲಿಲ್ಲ, ಬಟ್ಟೆ ಬದಲಾಯಿಸಿತು.

ಹಸು ಮಾರುವುದು ನಿಂತರೆ ಹಾಲು ಕರೆಯಲು ಕಲಿಯಬೇಕು. ಶಾಂಘೈ ಮತ್ತು ಚೋಂಗ್‌ಚಿಂಗ್‌ಗಳಲ್ಲಿ 2011ರಲ್ಲೇ ಮನೆ ಕಂದಾಯದ ಪ್ರಯೋಗ ಶುರುವಾಗಿತ್ತು. 2021ರ ಅಕ್ಟೋಬರ್‌ನಲ್ಲಿ ಅದನ್ನು ವಿಸ್ತರಿಸಲು ಅನುಮತಿ ಸಿಕ್ಕಿತು. ಐದೇ ತಿಂಗಳಲ್ಲಿ, ಈ ವರ್ಷ ಕಾಲ ಕೂಡಿ ಬಂದಿಲ್ಲ ಎಂದು ಕೈಬಿಟ್ಟರು. ಮಾರುಕಟ್ಟೆ ಕುಸಿದಿತ್ತು ಎಂಬುದು ಮೇಲೆ ಕಾಣುವ ಕಾರಣ, ಸುಳ್ಳಲ್ಲ. ಅದರ ಹಿಂದೆ ಇನ್ನೊಂದು ಇದೆಯೆಂದು ನನ್ನ ಗುಮಾನಿ. ನೆಲ ಮಾರಿ ಬರುವ ಹಣಕ್ಕೆ ಯಾರ ಒಪ್ಪಿಗೆಯೂ ಬೇಡ. ಕಂದಾಯಕ್ಕಾದರೆ ವರ್ಷಕ್ಕೊಮ್ಮೆ ಬಾಗಿಲು ತಟ್ಟಬೇಕು. ಬಾಗಿಲು ತೆಗೆದವನು ಹೋದ ವರ್ಷ ಕೊಟ್ಟದ್ದು ಏನಾಯಿತು ಎಂದು ಕೇಳಿಯೇ ಕೇಳುತ್ತಾನೆ. ಅತ್ತ ಕ್ಯಾಲಿಫೋರ್ನಿಯಾದಲ್ಲಿ ಕೇಳುವ ಹಕ್ಕಿಗೆ ಕೊರತೆಯಿಲ್ಲ. 2020ರಲ್ಲಿ ವಾಣಿಜ್ಯ ಕಟ್ಟಡಗಳಿಗಾದರೂ ಇಂದಿನ ಬೆಲೆಯ ಮೇಲೆ ಕಂದಾಯ ಹಾಕೋಣವೇ ಎಂದು ಜನರನ್ನೇ ಕೇಳಿದರು. ಶೇ 52 ಮಂದಿ ಬೇಡವೆಂದರು.

2016ರಲ್ಲಿ ವೆಂಝೌ ನಗರದಲ್ಲಿ ಕೆಲವು ಮನೆಗಳ ಇಪ್ಪತ್ತು ವರ್ಷದ ಗುತ್ತಿಗೆ ಮುಗಿಯಿತು. ಮುಂದುವರಿಸಲು ಮನೆ ಬೆಲೆಯ ಮೂರರಲ್ಲೊಂದು ಪಾಲು ಕಟ್ಟಬೇಕು ಎಂಬ ಮಾತು ಬಂದದ್ದೇ ದೇಶವೆಲ್ಲ ಗದ್ದಲವೆದ್ದಿತು. ಸದ್ಯಕ್ಕೆ ಏನೂ ಕಟ್ಟಬೇಡಿ ಎಂದು ಬೀಜಿಂಗ್ ಸಮಾಧಾನ ಹೇಳಿತು. 2021ರಲ್ಲಿ ಜಾರಿಗೆ ಬಂದ ನಾಗರಿಕ ಸಂಹಿತೆ ವಾಸದ ಮನೆಯ ಹಕ್ಕು ತಾನಾಗಿ ಮುಂದುವರಿಯುತ್ತದೆ ಎನ್ನುತ್ತದೆ; ಶುಲ್ಕವೆಷ್ಟು ಎಂಬುದನ್ನು ಬೇರೆ ಕಾನೂನಿಗೆ ಬಿಟ್ಟಿದೆ. ಶೆನ್‌ಝೆನ್‌ನ ಆ ಎರಡು ಎಕರೆ ಐದು ಗುಂಟೆಯ ಗುತ್ತಿಗೆ, ಹರಾಜಿನ ದಿನದ ಐವತ್ತು ವರ್ಷದ ಲೆಕ್ಕದಲ್ಲಿ, ಮುಗಿಯುವುದು 2037ರಲ್ಲಿ.